ಮಾಜಾಳಿ ಗಡಿಯ ಎರಡು ಬದಿ: ಮಗಳ ಪಾಲು ಯಾವ ಕಾನೂನಿನ ಲೆಕ್ಕ?

2025ರ ಜುಲೈನಲ್ಲಿ ಪತ್ರಿಕೆಗಳಲ್ಲಿ ಒಂದು ತಲೆಬರಹ ಬಂತು: ಬುಡಕಟ್ಟು ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಎಂದ ಸುಪ್ರೀಂ ಕೋರ್ಟ್. ಅಕ್ಟೋಬರಿನಲ್ಲಿ ಅದೇ ಕೋರ್ಟಿನಿಂದ ಇನ್ನೊಂದು ಸುದ್ದಿ: ಹಿಂದೂ ಉತ್ತರಾಧಿಕಾರ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ. ಅದೇ ವರ್ಷದ ಜನವರಿ 27ರಂದು ಉತ್ತರಾಖಂಡದಲ್ಲಿ ಏಕರೂಪ ನಾಗರಿಕ ಸಂಹಿತೆ, ಅಂದರೆ ಧರ್ಮ ಯಾವುದಾದರೂ ಮದುವೆ, ವಾರಸಿಗೆ ಒಂದೇ ಕಾನೂನು, ಜಾರಿಯಾಗಿತ್ತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಮುಸ್ಲಿಂ ಕುಟುಂಬದ ಆಸ್ತಿ ವ್ಯಾಜ್ಯ ತೀರ್ಮಾನಿಸುತ್ತಾ, ಇಂಥ ಸಂಹಿತೆ ತನ್ನಿ ಎಂದು ಸಂಸತ್ತಿಗೂ ಶಾಸನಸಭೆಗಳಿಗೂ ಹೇಳಿತ್ತು. ಹಾಗಾದರೆ ಈಗ ಯಾರಿಗೆ ಯಾವ ಕಾನೂನು? ಓದುಗರು ಗೊಂದಲಕ್ಕೆ ಬಿದ್ದರೆ ತಪ್ಪು ಅವರದಲ್ಲ.

ಈ ಚರ್ಚೆಯಲ್ಲಿ ಯಾರಾದರೊಬ್ಬರು 'ಗೋವಾ ನೋಡಿ, ಅಲ್ಲಿ ಎಲ್ಲ ಧರ್ಮದವರಿಗೂ ಒಂದೇ ಸಂಹಿತೆ' ಅನ್ನದೆ ಇರುವುದಿಲ್ಲ. ಕಾರವಾರದವರಿಗೆ ಅದು ದೂರದ ಮಾತಲ್ಲ. ಮಾಜಾಳಿ ತಪಾಸಣಾ ನಾಕೆ ದಾಟಿದರೆ ಪೋಳೆಂ, ಅಲ್ಲಿಂದ ಕಾಣಕೋಣ. ಎರಡೂ ಕಡೆ ಕೊಂಕಣಿ, ಎರಡೂ ಕಡೆ ಒಂದೇ ಕುಲದೇವರು, ಎರಡೂ ಕಡೆ ನೆಂಟರು. ಆದರೆ ಅಪ್ಪ ತೀರಿಕೊಂಡ ಮೇಲೆ ಮಗಳಿಗೆ ಏನು ಸಿಗುತ್ತದೆ ಅನ್ನುವ ಲೆಕ್ಕ ಗಡಿಯಲ್ಲಿ ಬದಲಾಗುತ್ತದೆ. ಅದು ಧರ್ಮದಿಂದಷ್ಟೇ ಬದಲಾಗುವುದಲ್ಲ. ಯಾವ ರಾಜ ಯಾವಾಗ ಸೋತ, ಯಾವ ಸರ್ಕಾರ ಯಾರ ಹೆಸರನ್ನು ಯಾವ ಪಟ್ಟಿಗೆ ಸೇರಿಸಿತು ಅನ್ನುವುದರ ಮೇಲೂ ನಿಂತಿದೆ. ಈ ಎರಡನೆಯ ಭಾಗ ಚರ್ಚೆಗೆ ಬರುವುದೇ ಕಡಿಮೆ.

ಎರಡು ತೀರ್ಪಿಗೆ ಜಗಳವಿಲ್ಲ

ಮೊದಲು ಆ ಎರಡು ಸುದ್ದಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 2ನೇ ಕಲಮಿನ 2ನೇ ಉಪಕಲಮು ಚಿಕ್ಕದು. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಿಸದ ಹೊರತು ಈ ಕಾಯ್ದೆ ಪರಿಶಿಷ್ಟ ಪಂಗಡದವರಿಗೆ ಅನ್ವಯಿಸುವುದಿಲ್ಲ ಎನ್ನುತ್ತದೆ. ಬುಡಕಟ್ಟುಗಳ ಪದ್ಧತಿಗೆ ಹೊರಗಿನವರು ಕೈ ಹಾಕಬಾರದು ಅನ್ನುವುದು ಆಗಿನ ಆಲೋಚನೆ. ಹಿಮಾಚಲದ ಹೈಕೋರ್ಟ್ 2015ರಲ್ಲಿ, ಅಲ್ಲಿನ ಬುಡಕಟ್ಟು ಪ್ರದೇಶಗಳ ಹೆಣ್ಣುಮಕ್ಕಳಿಗೂ ಇದೇ ಕಾಯ್ದೆಯಂತೆ ಪಾಲು ಕೊಡಿ ಎಂದು ಹೇಳಿತ್ತು. ಅಕ್ಟೋಬರಿನ ತೀರ್ಪು ಅದನ್ನು ತೆಗೆದುಹಾಕಿತು. ಕಾಯ್ದೆಯಲ್ಲಿ ಬರೆದದ್ದನ್ನು ಕೋರ್ಟು ತಿದ್ದಿ ಬರೆಯಲಾಗದು ಅಂತ.

ಜುಲೈನ ತೀರ್ಪು ಛತ್ತೀಸಗಡದ ಗೊಂಡ ಕುಟುಂಬವೊಂದರದು. ಅಲ್ಲೂ ಕೋರ್ಟು ಹಿಂದೂ ಕಾಯ್ದೆ ಅನ್ವಯಿಸಲಿಲ್ಲ. ಅದು ಕೇಳಿದ ಪ್ರಶ್ನೆಯೇ ಬೇರೆ. ಹೆಣ್ಣಿಗೆ ಪಾಲಿಲ್ಲ ಅನ್ನುವ ಪದ್ಧತಿ ಇದೆ ಎಂದು ಯಾರು ಸಾಬೀತು ಮಾಡಬೇಕು? ಕೆಳಗಿನ ಕೋರ್ಟುಗಳು, ಪಾಲು ಕೊಡುವ ಪದ್ಧತಿ ಇದೆ ಎಂದು ಹೆಣ್ಣಿನ ಕಡೆಯವರೇ ತೋರಿಸಲಿ ಎಂದಿದ್ದವು. ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಹೊರಗಿಡುವ ಪದ್ಧತಿ ಸಾಬೀತಾಗದಿದ್ದರೆ, ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಪಾಲು ತಪ್ಪಿಸುವುದು ಸಮಾನತೆಯ ಹಕ್ಕಿಗೆ ವಿರುದ್ಧ ಎಂದಿತು.

ಎರಡನ್ನೂ ಕೂಡಿಸಿ ಓದಿದರೆ ಸಿಗುವುದು ಇದು: ಬುಡಕಟ್ಟಿನ ಮಗಳಿಗೆ ಹಿಂದೂ ಕಾಯ್ದೆಯ ಸಿದ್ಧ ಹಕ್ಕು ಇಲ್ಲ, ಆದರೆ ವಾದ ಮಾಡಲು ಗಟ್ಟಿ ನೆಲ ಇದೆ. ಸಿದ್ಧ ಹಕ್ಕಿದ್ದರೆ ಪೌತಿ ಖಾತೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ) ಮಾಡುವಾಗಲೇ ವಂಶಾವಳಿಯಲ್ಲಿ ಹೆಸರಿನ ಜೊತೆ ಪಾಲೂ ಬರುತ್ತದೆ. ವಾದ ಮಾಡಬೇಕಾದ ಹಕ್ಕಿಗೆ ವಕೀಲರು ಬೇಕು, ವರ್ಷಗಳು ಬೇಕು. ಮುಂದಿನ ಮಾತೆಲ್ಲ ಈ ವ್ಯತ್ಯಾಸದ ಸುತ್ತಲೇ ಇದೆ.

ಸೋದೆಯ ಅರಸ ಓಡಿಹೋದ ಮೇಲೆ

ಕಾಣಕೋಣ ಇವತ್ತು ಗೋವಾದ ತಾಲೂಕು. ಹದಿನೆಂಟನೇ ಶತಮಾನದ ಮಧ್ಯದವರೆಗೆ ಅದು ಸೋದೆ ಅರಸರ ಕೈಯಲ್ಲಿತ್ತು. ಸೋದೆ ಅಂದರೆ ಶಿರಸಿಯ ಹತ್ತಿರದ ನಮ್ಮ ಸೋದೆಯೇ. 1763ರಲ್ಲಿ ಹೈದರ್ ಅಲಿ ಬಿದನೂರು ಗೆದ್ದು ಸೋದೆಯ ಮೇಲೂ ಬಿದ್ದ. ಅರಸ ಗೋವಾಕ್ಕೆ ಓಡಿದ. ಆಶ್ರಯಕ್ಕೆ ಬದಲಾಗಿ ಕಾಣಕೋಣ ಸೇರಿದಂತೆ ಘಟ್ಟದ ಕೆಳಗಿನ ಕೆಲವು ಸೀಮೆಗಳು ಪೋರ್ಚುಗೀಸರ ಪಾಲಾದವು. ಗೋವಾದವರು ಹೊಸ ಗೆಲುವಿನ ಪ್ರದೇಶಗಳು ಎಂದು ಕರೆಯುವ ಭಾಗದಲ್ಲಿ ಇವೂ ಸೇರಿವೆ. ಅಂಕೋಲೆ, ಶಿರಸಿ, ಕಾರವಾರದ ಕಡೆ ಹೈದರನ ಕೈಗೆ ಹೋಗಿ, 1799ರಲ್ಲಿ ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ಬಂತು. ಕಾಳಿ ನದಿಯ ಉತ್ತರ ದಂಡೆಯ ಸದಾಶಿವಗಡವನ್ನೂ ಪೋರ್ಚುಗೀಸರು 1752ರಲ್ಲಿ ಹಿಡಿದಿದ್ದರು. ಎರಡೇ ವರ್ಷಕ್ಕೆ ಬಿಟ್ಟುಕೊಟ್ಟರು. ಇಟ್ಟುಕೊಂಡಿದ್ದರೆ ಇವತ್ತು ಅಲ್ಲಿನ ಆಸ್ತಿ ವ್ಯಾಜ್ಯಗಳು ಬೇರೆಯದೇ ಪುಸ್ತಕ ನೋಡಿ ತೀರ್ಮಾನವಾಗುತ್ತಿದ್ದವೋ ಏನೋ. ಕಾರವಾರದ ಎದುರಿಗೇ ಕಾಣುವ ಅಂಜದೀವ್ ದ್ವೀಪವನ್ನು ಅವರು ಬಿಡಲಿಲ್ಲ. 1961ರ ಡಿಸೆಂಬರಿನವರೆಗೂ ಅದು ಅವರದೇ. ಈಗಲೂ ದಾಖಲೆಯಲ್ಲಿ ಗೋವಾಕ್ಕೆ ಸೇರಿದೆ, ನೌಕಾಪಡೆಯ ವಶದಲ್ಲಿದೆ.

ಅಂದರೆ ಎರಡು ಕಾನೂನುಗಳ ನಡುವಿನ ಈ ಗೆರೆ ಭಾಷೆಯದಲ್ಲ, ಧರ್ಮದ್ದಲ್ಲ, ಜಾತಿಯದೂ ಅಲ್ಲ. ಒಂದು ಯುದ್ಧದಲ್ಲಿ ಎಲ್ಲಿ ನಿಂತರೋ ಅಲ್ಲಿ ಬಿದ್ದ ಗೆರೆ.

ಈಚೆ ಬದಿ: ಶಾಸ್ತ್ರ, ಷರಿಯತ್, ರೂಢಿ

ಬ್ರಿಟಿಷರ ದಾರಿ ಕಂಪನಿ ಇಲ್ಲಿಗೆ ಬರುವ ಮೊದಲೇ ಬಂಗಾಳದಲ್ಲಿ ತೀರ್ಮಾನವಾಗಿತ್ತು. 1772ರಲ್ಲಿ ವಾರನ್ ಹೇಸ್ಟಿಂಗ್ಸ್ ಯೋಜನೆಯ ಪ್ರಕಾರ ಮದುವೆ, ವಾರಸು, ಜಾತಿ ವಿಷಯಗಳಲ್ಲಿ ಹಿಂದೂಗಳಿಗೆ ಶಾಸ್ತ್ರ, ಮುಸ್ಲಿಮರಿಗೆ ಕುರಾನು. ಕೇಳಲು ಉದಾರ ಅನ್ನಿಸುತ್ತದೆ. ಆದರೆ ಉತ್ತರ ಕನ್ನಡದ ಹಾಲಕ್ಕಿಗಳು, ಕುಣಬಿಗಳು, ಖಾರ್ವಿಗಳು, ಗೌಳಿಗಳು ಯಾವ ಶಾಸ್ತ್ರ ಓದಿ ಗದ್ದೆ ಹಂಚಿಕೊಂಡಿದ್ದರು? ಅವರದು ರೂಢಿ. 1868ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ (ಆಗಿನ ಕೊನೆಯ ಮೇಲ್ಮನವಿ ಕೋರ್ಟು), ಸ್ಪಷ್ಟವಾಗಿ ಸಾಬೀತಾದ ರೂಢಿ ಶಾಸ್ತ್ರದ ಮಾತಿಗಿಂತ ಮೇಲು ಎಂದು ಒಪ್ಪಿತು. ಆದರೆ ಆ ಸಾಬೀತು ಮಾಡುವ ಹೊರೆ ಬಿದ್ದದ್ದು ಜನರ ಮೇಲೆ. ರೂಢಿ ಹಳೆಯದಿರಬೇಕು, ಖಚಿತವಿರಬೇಕು, ಎಲ್ಲೂ ಮುರಿದಿರಬಾರದು. ಬರವಣಿಗೆ ಇಲ್ಲದವರು ಇದನ್ನು ಕೋರ್ಟಿನಲ್ಲಿ ತೋರಿಸುವುದು ಸುಲಭವಿರಲಿಲ್ಲ. ತೋರಿಸಲಾಗದಿದ್ದರೆ ಪುಸ್ತಕದ ಹಿಂದೂ ಕಾನೂನೇ ಗತಿ. ಹೀಗೆ ಎಷ್ಟೋ ಸಮುದಾಯಗಳು ಕೋರ್ಟಿನ ಬಾಗಿಲಲ್ಲಿ ಕಾನೂನಿನ ಲೆಕ್ಕಕ್ಕೆ ಹಿಂದೂಗಳಾದವು.

ಆಡಳಿತದ ಗೆರೆಗಳೂ ಕೈ ಹಾಕಿದವು. ಕಂಪನಿ ಕಾಲದ ಕೆನರಾ ಮದ್ರಾಸಿಗೆ ಸೇರಿತ್ತು. 1862ರಲ್ಲಿ ಉತ್ತರ ಕೆನರಾವನ್ನು ಕತ್ತರಿಸಿ ಮುಂಬೈಗೆ ಕೊಟ್ಟರು. ಕುಂದಾಪುರದಿಂದ ದಕ್ಷಿಣಕ್ಕೆ ಮದ್ರಾಸೇ ಉಳಿಯಿತು. ಅಲ್ಲಿ ಅಳಿಯಸಂತಾನಕ್ಕೆ, ಅಂದರೆ ತಾಯಿಯ ಕಡೆಯಿಂದ ವಾರಸು ಸಾಗುವ ಪದ್ಧತಿಗೆ, 1949ರಲ್ಲಿ ಪ್ರತ್ಯೇಕ ಕಾಯ್ದೆಯೇ ಆಯಿತು. ಇಲ್ಲಿಗೆ ಮುಂಬೈ ಕಾಯ್ದೆಗಳು ಬಂದವು. ಅವುಗಳಲ್ಲಿ ಒಂದು, ಹಿಂದೂಗಳ ಬಹುಪತ್ನಿತ್ವ ತಡೆಯುವ 1946ರ ಕಾಯ್ದೆ. ಹಿಂದೂಗಳಿಗೆ ಮಾತ್ರ ಯಾಕೆ ಅಂತ ಅದನ್ನು ಪ್ರಶ್ನಿಸಿದಾಗ, 1951ರಲ್ಲಿ ಮುಂಬೈ ಹೈಕೋರ್ಟ್ ನರಸು ಅಪ್ಪ ಮಾಲಿ ಪ್ರಕರಣದಲ್ಲಿ ಇಡೀ ದೇಶದ ಮೇಲೆ ಪರಿಣಾಮ ಬೀರಿದ ಮಾತು ಹೇಳಿತು. ವೈಯಕ್ತಿಕ ಕಾನೂನುಗಳನ್ನು ಮೂಲಭೂತ ಹಕ್ಕುಗಳ ಅಳತೆಗೋಲಿನಿಂದ ಅಳೆಯುವಂತಿಲ್ಲ, ಸುಧಾರಣೆಯನ್ನು ಸರ್ಕಾರ ಹಂತಹಂತವಾಗಿ ತರಬಹುದು. ಆಗ ಕಾರವಾರಕ್ಕೂ ಅದೇ ಹೈಕೋರ್ಟು.

ಮುಸ್ಲಿಮರೊಳಗೂ ಎಲ್ಲ ಒಂದೇ ಅಲ್ಲ. ಭಟ್ಕಳದ ನವಾಯತರು ಶಾಫಿ ಪಂಥದವರು, ಉತ್ತರ ಭಾರತದ ಬಹುಪಾಲು ಮುಸ್ಲಿಮರು ಹನಫಿ. ಹನಫಿ ನಿಯಮದಲ್ಲಿ ಪ್ರಾಯಕ್ಕೆ ಬಂದ ಹೆಣ್ಣು ತಾನೇ ನಿಕಾಹ್‌ಗೆ ಒಪ್ಪಿಗೆ ಕೊಡಬಹುದು. ಶಾಫಿಯಲ್ಲಿ ಅವಳ ಪರವಾಗಿ ವಲಿ, ಅಂದರೆ ಪೋಷಕ, ಬೇಕು. 'ಮುಸ್ಲಿಂ ಕಾನೂನು' ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ಇದು ಮರೆತೇ ಹೋಗುತ್ತದೆ.

1955-56ರ ಹಿಂದೂ ಕಾಯ್ದೆಗಳು ಹಲವು ರೂಢಿಗಳನ್ನು ಅಳಿಸಿದವು. ಕೆಲವನ್ನು ಬೇಕಂತಲೇ ಉಳಿಸಿದವು. ಕರ್ನಾಟಕದಲ್ಲಿ ಸೋದರಮಾವನ ಜೊತೆ, ಅತ್ತೆಯ ಮಗನ ಜೊತೆ ಆಗುವ ಮದುವೆಗಳು ಕಾನೂನುಬದ್ಧವಾಗಿರುವುದು ರೂಢಿಗೆ ಕೊಟ್ಟ ಆ ವಿನಾಯಿತಿಯಿಂದಲೇ. ಮಗಳ ಪಾಲಿನ ವಿಷಯದಲ್ಲಿ ಕರ್ನಾಟಕ 1994ರ ಜುಲೈ 30ರಿಂದ ಸ್ವಂತ ತಿದ್ದುಪಡಿ ಜಾರಿ ಮಾಡಿತು. ಆದರೆ ಅಷ್ಟರಲ್ಲಿ ಮದುವೆಯಾಗಿದ್ದ ಹೆಣ್ಣುಮಕ್ಕಳಿಗೆ ಅದು ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಹುಟ್ಟಿನಿಂದ ಪಾಲುದಾರರನ್ನಾಗಿ ಮಾಡಿತು. ಕಾಗದದ ಮೇಲೆ ಇದು ದೊಡ್ಡ ಹೆಜ್ಜೆ. ನಮ್ಮ ಕಡೆ ತೋಟ, ಗದ್ದೆಯ ಹಿಸ್ಸೆ ಆಗುವಾಗ ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿಯಂದಿರ ಸಹಿ ಹಾಕಿಸುವುದು ಇನ್ನೂ ನಿಂತಿಲ್ಲ, ಆ ಮಾತು ಬೇರೆ.

ಆಚೆ ಬದಿ: ಒಂದೇ ಸಂಹಿತೆಯೊಳಗಿನ ಹಲವು ಕೋಣೆಗಳು

ಪೋರ್ಚುಗಲ್ ತನ್ನ 1867ರ ನಾಗರಿಕ ಸಂಹಿತೆಯನ್ನು 1870ರಲ್ಲಿ ಗೋವಾಕ್ಕೂ ತಂದಿತು. ಧರ್ಮ ನೋಡದೆ ಎಲ್ಲರಿಗೂ ಒಂದೇ ಎಂಬುದು ಅದರ ಮೂಲ ಸೂತ್ರ. 1961ರಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೆ 1962ರ ಆಡಳಿತ ಕಾಯ್ದೆ ಹಳೆಯ ಕಾನೂನುಗಳನ್ನು ಮುಂದುವರಿಸಿತು. ತಮಾಷೆಯೆಂದರೆ, ಪೋರ್ಚುಗಲ್ಲೇ 1966ರಲ್ಲಿ ಹೊಸ ಸಂಹಿತೆ ಬರೆದು ಹಳೆಯದನ್ನು ಕೈಬಿಟ್ಟಿತು. ಲಿಸ್ಬನ್ನಿನಲ್ಲಿ ಸತ್ತ ಕಾನೂನು ಮಡಗಾಂವಿನಲ್ಲಿ ಬದುಕಿ ಉಳಿಯಿತು. ವಾರಸು ಭಾಗವನ್ನು ಗೋವಾ ವಿಧಾನಸಭೆ 2012ರಲ್ಲಿ ಹೊಸದಾಗಿ ಬರೆಯಿತು. 2016ರಿಂದ ಅದು ಜಾರಿಯಲ್ಲಿದೆ, ಮೂಲ ತತ್ವ ಹಳೆಯದೇ.

ಇದರಲ್ಲಿ ಹೆಣ್ಣಿಗೆ ನಿಜವಾದ ಬಲ ಕೊಡುವ ಸಂಗತಿಗಳು ಎರಡು. ಮದುವೆಗೆ ಮೊದಲು ಬೇರೆ ಒಪ್ಪಂದ ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಆಸ್ತಿ ಜಂಟಿಯಾಗುತ್ತದೆ, ಇಬ್ಬರಿಗೂ ಅರ್ಧರ್ಧ. ಮನೆ ಮಾರಬೇಕಾದರೆ ಹೆಂಡತಿಯ ಸಹಿ ಬೇಕೇ ಬೇಕು. ಎರಡನೆಯದು, ಆಸ್ತಿಯ ಅರ್ಧ ಭಾಗ ಮಕ್ಕಳಿಗೇ ಮೀಸಲು, ಗಂಡು ಹೆಣ್ಣು ಭೇದವಿಲ್ಲ. ಉಯಿಲು ಬರೆದೂ ಮಗಳನ್ನು ಪೂರ್ತಿ ಹೊರಗಿಡಲಾಗದು. ಈಚೆ ಬದಿಯಲ್ಲಿ ಕಾರವಾರದ ಹಿಂದೂ ಅಥವಾ ಕ್ರಿಶ್ಚಿಯನ್ ಅಪ್ಪ ತನ್ನ ಸ್ವಂತ ಸಂಪಾದನೆಯನ್ನು ಪೂರ್ತಿ ಮಗನ ಹೆಸರಿಗೇ ಉಯಿಲು ಬರೆಯಬಹುದು, ಕಾನೂನು ತಡೆಯುವುದಿಲ್ಲ. ಈ ಒಂದು ವಿಷಯದಲ್ಲಿ ಗೋವಾದ ಕಾನೂನು ನಮ್ಮದಕ್ಕಿಂತ ಮುಂದಿದೆ, ಅನುಮಾನವಿಲ್ಲ.

ಆದರೆ ಅದು ಹೇಳುವಷ್ಟು ಏಕರೂಪವಲ್ಲ. ಹೊಸ ಗೆಲುವಿನ ಪ್ರದೇಶಗಳ ಹಿಂದೂಗಳ ಪದ್ಧತಿಗೆ ಕೈ ಹಾಕುವುದಿಲ್ಲ ಎಂದು ಪೋರ್ಚುಗೀಸರು ಮಾತು ಕೊಟ್ಟಿದ್ದರು. ಹಿಂದೂ ಪದ್ಧತಿಗಳ ಕುರಿತ 1880ರ ಆದೇಶದಲ್ಲಿ, ಹೆಂಡತಿಗೆ 25 ವರ್ಷದೊಳಗೆ ಮಕ್ಕಳಾಗದಿದ್ದರೆ, ಅಥವಾ 30ರೊಳಗೆ ಗಂಡು ಮಗು ಆಗದಿದ್ದರೆ ಹಿಂದೂ ಗಂಡ ಇನ್ನೊಂದು ಮದುವೆ ಆಗಬಹುದು ಎಂದಿದೆ. ಇದನ್ನು ಈಗ ಯಾರೂ ಬಳಸುವುದಿಲ್ಲ ಎನ್ನುತ್ತಾರೆ. ಆದರೂ ಪುಸ್ತಕದಲ್ಲಿ ಬರೆದಿತ್ತು ಅನ್ನುವುದು ಸುಳ್ಳಲ್ಲ. ಕ್ಯಾಥೋಲಿಕರ ಚರ್ಚ್ ಮದುವೆಗೆ 1946ರ ಆದೇಶ ಬೇರೆ ದಾರಿ ಮಾಡಿತು. ದಂಪತಿಯ ಜಂಟಿ ಆಸ್ತಿಯ ಆಡಳಿತವನ್ನು ಮೂಲ ಸಂಹಿತೆ ಗಂಡನ ಕೈಗೆ ಕೊಟ್ಟಿತ್ತು.

ಗಡಿಭಾಗದ ಕುಟುಂಬಗಳು ಗಮನಿಸಬೇಕಾದ ತೀರ್ಪು 2019ರ ಸೆಪ್ಟೆಂಬರ್ 13ರದು. ಗೋವಾದ ಕಾಯಂ ನಿವಾಸಿಯ ಆಸ್ತಿ ದೇಶದಲ್ಲಿ ಎಲ್ಲೇ ಇದ್ದರೂ ಅದರ ವಾರಸು ಗೋವಾದ ಕಾನೂನಿನಂತೆಯೇ ಎಂದು ಸುಪ್ರೀಂ ಕೋರ್ಟು ಹೇಳಿತು. ಕಾಣಕೋಣದವರು ಸದಾಶಿವಗಡದಲ್ಲಿ ಜಾಗ ಮಾಡಿದ್ದರೆ ಅದರ ಹಿಸ್ಸೆ ಗೋವಾದ ನಿಯಮದಂತೆ. ಪಕ್ಕದ ಸರ್ವೆ ನಂಬರಿನ ಜಾಗ ಕಾರವಾರದವರದಾದರೆ ಬೇರೆ ನಿಯಮ. ಬೇಲಿ ಒಂದೇ, ಕಾನೂನು ಎರಡು.

ಒಂದೇ ಸಮುದಾಯ, ಮೂರು ಲೆಕ್ಕ

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ, ಅಂಕೋಲೆಯ ಕಾಡಂಚಿನ ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರಿಶ್ಚಿಯನ್ನರಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಮೀಸಲಾತಿಗೆ ಧರ್ಮ ಅಡ್ಡಿಯಿಲ್ಲ, ಮೂರೂ ಕಡೆಯವರಿಗೆ ಒಂದೇ ಪ್ರಮಾಣಪತ್ರ. ವಾರಸಿನಲ್ಲಿ ಹಾಗಲ್ಲ. ಕ್ರಿಶ್ಚಿಯನ್ ಸಿದ್ದಿ ಮನೆಯಲ್ಲಿ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಮಗ ಮಗಳಿಗೆ ಸಮಪಾಲು. ಮುಸ್ಲಿಂ ಸಿದ್ದಿ ಮನೆಯಲ್ಲಿ ಮಗಳಿಗೆ ಮಗನ ಪಾಲಿನ ಅರ್ಧ. ಹಿಂದೂ ಸಿದ್ದಿ ಮನೆಯಲ್ಲಿ? ಪಟ್ಟಿಗೆ ಸೇರುವ ಮೊದಲು ಹಿಂದೂ ಕಾಯ್ದೆ. ಸೇರಿದ ಮೇಲೆ, ಪಂಗಡದವರಿಗೆ ಅನ್ವಯಿಸುವುದಿಲ್ಲ ಎನ್ನುವ ಆ ಉಪಕಲಮಿನಿಂದಾಗಿ ಅದು ಹಿಂದೆ ಸರಿದು, ರೂಢಿ ಬಂದು ಕೂತಿತು. ಎರಡು ವರ್ಷ ಬಿಟ್ಟು, 2005ರಲ್ಲಿ, ಉಳಿದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಬಂದಾಗ ಹಿಂದೂ ಸಿದ್ದಿಯ ಮಗಳು ಆ ಕಾಯ್ದೆಯ ಹೊರಗಿದ್ದಳು.

ಹಿಂದೂ ಆಚಾರಗಳನ್ನು ಪೂರ್ತಿ ಒಪ್ಪಿಕೊಂಡ ಬುಡಕಟ್ಟು ಕುಟುಂಬಕ್ಕೆ ಹಿಂದೂ ಕಾಯ್ದೆ ಅನ್ವಯಿಸಿದ ತೀರ್ಪುಗಳೂ ಇವೆ. ಆದರೆ ಅದನ್ನು ಪ್ರತಿ ಪ್ರಕರಣದಲ್ಲೂ ಸಾಬೀತು ಮಾಡಬೇಕು. ಅಕ್ಟೋಬರಿನ ತೀರ್ಪಿನ ನಂತರ ಅದು ಇನ್ನಷ್ಟು ಕಷ್ಟ.

ಹಾಲಕ್ಕಿ, ಕುಣಬಿ: ಬೇಡಿಕೆಯಲ್ಲಿ ಯಾರೂ ಕೇಳದ ಪ್ರಶ್ನೆ

ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ಹಾಲಕ್ಕಿ ಒಕ್ಕಲಿಗರು ವರ್ಷಗಳಿಂದ ಕೇಳುತ್ತಿದ್ದಾರೆ. ಅವರಲ್ಲೇ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ, ಗಿಡ ಬೆಳೆಸಿದ ತುಳಸಿ ಗೌಡ ಪದ್ಮಶ್ರೀ ಪಡೆದ ಮೇಲೆ ಈ ಬೇಡಿಕೆ ದೇಶಕ್ಕೆಲ್ಲ ಗೊತ್ತಾಯಿತು. ಜೋಯಿಡಾದ ಕುಣಬಿಗಳದ್ದೂ, ಗೌಳಿಗಳದ್ದೂ ಅದೇ ಬೇಡಿಕೆ. ಕಾರಣಗಳು ಸ್ಪಷ್ಟ. ಶಿಕ್ಷಣ, ಉದ್ಯೋಗದ ಮೀಸಲಾತಿ ಒಂದು. ಅದಕ್ಕಿಂತ ದೊಡ್ಡದು ಭೂಮಿ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಪಂಗಡದವರಾದರೆ 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಸಾಗುವಳಿ ಇದ್ದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ಬಹುಪಾಲು ಕಾಡೇ ಇರುವ ಈ ಜಿಲ್ಲೆಯಲ್ಲಿ 75 ವರ್ಷದ ಹಳೆಯ ಕಾಗದ ಯಾರ ಮನೆಯಲ್ಲಿ ಇದೆ?

ಬೇಡಿಕೆ ನ್ಯಾಯವಾದದ್ದೇ. ಆದರೆ ಅದು ಈಡೇರಿದ ದಿನ ಇನ್ನೊಂದೂ ಆಗುತ್ತದೆ. ಇವತ್ತು ಹಾಲಕ್ಕಿ ಮಗಳಿಗೆ 2005ರ ತಿದ್ದುಪಡಿಯ ಸಮಪಾಲು ಇದೆ. ಪಟ್ಟಿಗೆ ಹೆಸರು ಸೇರಿದ ಮರುದಿನದಿಂದ ಆ ಕಾಯ್ದೆ ಅವಳ ಮನೆಗೆ ಅನ್ವಯಿಸುವುದಿಲ್ಲ. ಅರಣ್ಯ ಹಕ್ಕು ಪತ್ರ ಗಂಡ ಹೆಂಡತಿ ಇಬ್ಬರ ಹೆಸರಿಗೂ ಬರುತ್ತದೆ, ನಿಜ. ಆದರೆ ಅವರಿಬ್ಬರ ನಂತರ ಮಗಳಿಗೆಷ್ಟು ಎಂಬುದನ್ನು ರೂಢಿ ಹೇಳಬೇಕು. ಭೂಮಿ ಸಿಗುವ ದಾರಿಯೇ ಮಗಳ ಸಿದ್ಧ ಹಕ್ಕು ತಪ್ಪುವ ದಾರಿಯೂ ಆಗುತ್ತದೆ.

ಮತ್ತೆ ಗಡಿಯಾಚೆ ನೋಡಿ. ಗೋವಾದ ಕುಣಬಿಗಳು ಅದೇ 2003ರಲ್ಲಿ ಪರಿಶಿಷ್ಟ ಪಂಗಡವಾದರು. ಅಲ್ಲಿನ ಸಂಹಿತೆಯಲ್ಲಿ ಬುಡಕಟ್ಟಿಗೆ ವಿನಾಯಿತಿ ಇಲ್ಲ. ಹಾಗಾಗಿ ಕಾಣಕೋಣದ ಕುಣಬಿ ಮಗಳಿಗೆ ಮೀಸಲಾತಿಯೂ ಇದೆ, ಅಪ್ಪನ ಆಸ್ತಿಯಲ್ಲಿ ತಪ್ಪಿಸಲಾಗದ ಪಾಲೂ ಇದೆ. ಜೋಯಿಡಾದ ಕುಣಬಿ ಮಗಳಿಗೆ ಇವತ್ತು ಪಾಲು ಇದೆ, ಪಂಗಡದ ಮೀಸಲಾತಿ ಇಲ್ಲ. ನಾಳೆ ಮೀಸಲಾತಿ ಬಂದರೆ ಪಾಲಿಗೆ ವಾದ ಮಾಡಬೇಕು.

ಯಾರ ವಾದ ಏನು

ಏಕರೂಪ ಸಂಹಿತೆ ಬೇಕೆನ್ನುವವರು, ಅದನ್ನು ತರಲು ಸರ್ಕಾರ ಪ್ರಯತ್ನಿಸಬೇಕು ಎನ್ನುವ ಸಂವಿಧಾನದ 44ನೇ ವಿಧಿಯನ್ನು ತೋರಿಸುತ್ತಾರೆ. ಹೆಣ್ಣಿನ ಹಕ್ಕು ಅವಳು ಹುಟ್ಟಿದ ಮನೆಯ ಧರ್ಮದ ಮೇಲೆ ನಿಲ್ಲಬಾರದು ಅನ್ನುವ ಅವರ ಮಾತಿಗೆ ತೂಕವಿದೆ, ಸಿದ್ದಿಗಳ ಉದಾಹರಣೆಯೇ ಸಾಕು. ವಿರೋಧಿಸುವವರಲ್ಲಿ ಎರಡು ಬಗೆ. ಅಲ್ಪಸಂಖ್ಯಾತರ ಹಲವು ಸಂಘಟನೆಗಳಿಗೆ ಇದು ಧರ್ಮಸ್ವಾತಂತ್ರ್ಯದ ಪ್ರಶ್ನೆ, ಏಕರೂಪದ ಹೆಸರಿನಲ್ಲಿ ಬಹುಸಂಖ್ಯಾತರ ಪದ್ಧತಿ ಹೇರಬಹುದೆಂಬ ಭಯ. ಬುಡಕಟ್ಟು ಸಂಘಟನೆಗಳಿಗೆ ಇದು ನೆಲದ ಪ್ರಶ್ನೆ. ಹೊರಗೆ ಮದುವೆಯಾದ ಹೆಣ್ಣಿನ ಮೂಲಕ ಭೂಮಿ ಹೊರಗಿನವರಿಗೆ ಹೋಗುತ್ತದೆ ಅನ್ನುತ್ತಾರೆ. ಈ ಭಯ ಪೂರ್ತಿ ಪೊಳ್ಳಲ್ಲ. ಆದರೆ ಅದಕ್ಕೆ ಮದ್ದು ಭೂಮಿಯ ಪರಭಾರೆ ತಡೆಯುವ ಕಾನೂನು. ಮಗಳ ಪಾಲು ಕತ್ತರಿಸುವುದಲ್ಲ, ಅಲ್ವಾ? ಅರಣ್ಯ ಹಕ್ಕಿನ ಭೂಮಿಯನ್ನಂತೂ ಈಗಲೂ ಮಾರುವಂತಿಲ್ಲ.

ಮೂರನೆಯ ನಿಲುವು 21ನೇ ಕಾನೂನು ಆಯೋಗದ್ದು. ಏಕರೂಪ ಸಂಹಿತೆ ಈ ಹಂತದಲ್ಲಿ ಅಗತ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ, ಪ್ರತಿ ಕಾನೂನಿನೊಳಗಿನ ತಾರತಮ್ಯ ತೆಗೆಯಿರಿ ಎಂದು 2018ರ ಆಗಸ್ಟ್‌ನಲ್ಲಿ ಅದು ಹೇಳಿತು. 2023ರ ಜೂನ್‌ನಲ್ಲಿ 22ನೇ ಆಯೋಗ ಮತ್ತೆ ಜನರ ಅಭಿಪ್ರಾಯ ಕೇಳಿತು.

ಉತ್ತರಾಖಂಡದ ಸಂಹಿತೆಯೂ ಪರಿಶಿಷ್ಟ ಪಂಗಡಗಳನ್ನು ಹೊರಗಿಟ್ಟಿದೆ. ಅದೇ ಮಾದರಿ ಕರ್ನಾಟಕಕ್ಕೆ ಬಂದರೆ ಮುಸ್ಲಿಂ, ಕ್ರಿಶ್ಚಿಯನ್ ಮನೆಗಳ ಲೆಕ್ಕ ಬದಲಾಗುತ್ತದೆ. ಸಿದ್ದಿ ಮಗಳದ್ದು ಇದ್ದಲ್ಲೇ ಇರುತ್ತದೆ. ಸುಮ್ನೆ 'ಏಕರೂಪ' ಎಂಬ ಹೆಸರು ನೋಡಿ ಬೆಂಬಲಿಸುವವರೂ ವಿರೋಧಿಸುವವರೂ ಈ ಒಂದು ಕಲಮನ್ನು ಓದಬೇಕು.

ದೊಡ್ಡ ಸಂಹಿತೆಗೆ ಕಾಯದೆ ಆಗುವ ಕೆಲಸ

ಹಿಂದೂ ಉತ್ತರಾಧಿಕಾರ ಕಾಯ್ದೆಯ ಅದೇ 2ನೇ ಕಲಮಿನಲ್ಲೇ ದಾರಿ ಇದೆ. ಕೇಂದ್ರ ಸರ್ಕಾರ ಒಂದು ಅಧಿಸೂಚನೆ ಹೊರಡಿಸಿ ನಿರ್ದಿಷ್ಟ ಪಂಗಡಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸಬಹುದು. ಅದಕ್ಕೆ ಸಂಸತ್ತಿನ ಮತ ಬೇಕಾಗಿಲ್ಲ. 2022ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದಲ್ಲಿ ಈ ವಿನಾಯಿತಿಯನ್ನು ಮರುಪರಿಶೀಲಿಸಿ ಎಂದು ಕೇಂದ್ರಕ್ಕೆ ಹೇಳಿತ್ತು.

ಸಮುದಾಯವೊಂದನ್ನು ಪಟ್ಟಿಗೆ ಸೇರಿಸಲು ರಾಜ್ಯದ ಶಿಫಾರಸು, ಭಾರತದ ಮಹಾ ನೋಂದಣಾಧಿಕಾರಿಯ ಒಪ್ಪಿಗೆ, ಪಂಗಡಗಳ ರಾಷ್ಟ್ರೀಯ ಆಯೋಗದ ಅಭಿಪ್ರಾಯ, ಕೊನೆಗೆ ಸಂಸತ್ತಿನಲ್ಲಿ ಮಸೂದೆ, ಹೀಗೆ ಹಲವು ಮೆಟ್ಟಿಲುಗಳಿವೆ. ಹಾಲಕ್ಕಿ, ಕುಣಬಿ ಮುಖಂಡರು ತಮ್ಮ ಮನವಿಯಲ್ಲೇ ಮಗಳ ಪಾಲು ಉಳಿಸುವ ಅಧಿಸೂಚನೆಯನ್ನೂ ಜೊತೆಗೆ ಕೇಳಬಹುದು. ಸಮುದಾಯದ ಒಳಗಿಂದ ಬಂದ ಬೇಡಿಕೆಯಾದರೆ ಹೊರಗಿನವರು ಹೇರಿದ್ದು ಅನ್ನುವ ಆಕ್ಷೇಪವೂ ಏಳುವುದಿಲ್ಲ. ಈಗಾಗಲೇ ಪಟ್ಟಿಯಲ್ಲಿರುವ ಸಿದ್ದಿಗಳಿಗೂ ಈ ದಾರಿ ತೆರೆದಿದೆ. ಅಲ್ಲಿಯವರೆಗೆ ಹಿಂದೂ ಸಿದ್ದಿ ಕುಟುಂಬದ ಹಿಸ್ಸೆ ಯಲ್ಲಾಪುರದ ಕೋರ್ಟಿಗೆ ಹೋದರೆ ಮಗಳ ಕಡೆಯ ವಕೀಲರು ಮೊದಲು ಮುಂದಿಡಬೇಕಾದದ್ದು ಜುಲೈನ ತೀರ್ಪನ್ನೇ: ಹೆಣ್ಣಿಗೆ ಪಾಲಿಲ್ಲ ಅನ್ನುವ ರೂಢಿ ಇದೆ ಎನ್ನುವವರೇ ಅದನ್ನು ಸಾಬೀತು ಮಾಡಲಿ.